ಮಗಳ ತಲೆ ಮುಟ್ಟಿದ ಕೈ

ಹಿತ್ತಲಿನಿಂದ ನೀಲವ್ವ ಓಡಿ ಬಂದಾಗ ಗಂಡ ಪಡಸಾಲೆಯಲ್ಲಿ ಅಂಗಾತ ಬಿದ್ದಿದ್ದ. ಗ್ಯಾರೇಜಿನ ಗೆಳೆಯ ಯಮನೂರಿ ಅವನ ಎದೆಯ ಮೇಲೆ ಕೂತು ಬಾಯಿಗೆ ಬ್ರಾಂಡಿ ಬಾಟಲಿ ತುರುಕುತ್ತಿದ್ದ.

"ಮಗಳ ತಲಿ ಮುಟ್ಟಿ ಆಣಿ ಮಾಡೇನಿ, ಕುಡಿಯಂಗಿಲ್ಲ, ಬಿಡೋ," ಎಂದು ಗಂಡ ತೊದಲುತ್ತ ಹಲ್ಲು ಕಚ್ಚಿದ. ಯಮನೂರಿ ಕಪಾಳಕ್ಕೆ ಬಾರಿಸಿದ ರಭಸಕ್ಕೆ ತುಟಿ ಒಡೆದು ರಕ್ತ ಸುರಿಯಿತು.

"ನನ್ನ ಸಂಸಾರ ಹಾಳ ಮಾಡಾಕ ಬಂದಿಯೇನೋ?" ಎನ್ನುತ್ತ ನೀಲವ್ವ ಒನಕೆ ಎತ್ತಿ ಅವನ ಬೆನ್ನಿಗೆ ಅಪ್ಪಳಿಸಿದಳು. ಅವನು ಬಾಟಲಿ ಬಿಡಲಿಲ್ಲ. ಎರಡನೇ ಏಟಿಗೆ ಹೆಗಲ ಮೂಳೆ ಲಟಕ್ಕೆಂದಿತು.

"ಹೊಡೀರಿ ವೈನಿ, ಎಷ್ಟಾರ ಹೊಡೀರಿ," ಎಂದ ಅವನು ನೋವು ನುಂಗುತ್ತ. "ಲಾರಿ ರೇಡಿಯೇಟರಿಗೆ ಹಾಕೂ ಕೂಲಂಟ್ ನಾನ ಶರಬತ್ತಿನ ಬಾಟಲ್ಯಾಗ ತುಂಬಿಟ್ಟಿದ್ದೆ. ಸಿಹಿ ಐತಂತ ಇವ ಪೂರ್ತಿ ಕುಡದು ಮನಿಗಿ ಬಂದಾನ. ಆ ವಿಷ ತಡಿಯಾಕ ಈಗ ಕೈಯಾಗ ಇರೂದು ಬ್ರಾಂಡಿ ಒಂದ, ಅಂಬುಲೆನ್ಸ್ ಬರೂತನಕ ಕುಡಸ್ರಿ ಅಂತ ಡಾಕ್ಟರ್ ಫೋನಿನ್ಯಾಗ ಹೇಳ್ಯಾರ."

ನೀಲವ್ವ ಒನಕೆ ಬಿಸಾಡಿದಳು. ಮಗಳ ತಲೆ ಮುಟ್ಟಿದ್ದ ಗಂಡನ ಬಲಗೈಯನ್ನು ಮಂಡಿಯಡಿ ಅದುಮಿ, ಅವನ ದವಡೆಯನ್ನು ಎರಡೂ ಕೈಯಿಂದ ಅಗಲಿಸಿ, "ಸುರುವು," ಎಂದಳು.