ಗುರುಗಳ ಮೆಚ್ಚುಗೆ

ಆ ಊರಿನಲ್ಲಿ ಒಬ್ಬರ ದನಿ ಎಷ್ಟು ದೂರ ಕೇಳಬೇಕೆಂಬುದು, ಅವರನ್ನು ಯಾರು ಮೆಚ್ಚಿದ್ದಾರೆ ಎಂಬುದರ ಮೇಲಿತ್ತು. ಕಾವ್ಯ ವಾಚಿಸುವ ಅಂಬುಜಾಕ್ಷಿಯನ್ನು ಮೆಚ್ಚಿದ್ದವರು ಅವಳ ಗುರುಗಳೊಬ್ಬರೇ. ಆ ಒಂದು ಮಾತಿನಿಂದಲೇ ಅವಳ ದನಿ ದೇವಸ್ಥಾನದ ಕೊನೆಯ ಕಂಬವನ್ನು ಮುಟ್ಟುತ್ತಿತ್ತು. ಬೀದಿಗೂ ಕೇಳಲೆಂದು ಗಂಡ ಶೇಷಗಿರಿ, ಅವಳ ವಾಚನವನ್ನು ಒಮ್ಮೆಯೂ ಕೇಳದವರಿಂದ ಹೊಗಳಿಕೆ ಕೊಂಡು ತಂದ. ಕೇಳದವರ ಹೊಗಳಿಕೆ ದನಿಯನ್ನು ಕುಗ್ಗಿಸುತ್ತಿತ್ತು; ಅವಳ ದನಿ ಕೇಳುಗರ ಮೊದಲ ಸಾಲಿಗೇ ನಿಂತುಬಿಟ್ಟಿತು.

ಇವತ್ತು ಅವನು, ಮೆಚ್ಚುಗೆಗಳನ್ನು ಬರೆದಿಡುವ ದನಿ ಕಚೇರಿಯಿಂದ ನಗುತ್ತ ಬಂದ.

"ಎಲ್ಲಾ ತೆಗೆಸಿಬಿಟ್ಟೆ ಕಣೇ. ಒಂದು ಹೊಗಳಿಕೆನೂ ಉಳಿಸ್ಲಿಲ್ಲ. ಈಗ ಓದು ನೋಡೋಣ."

ಬತ್ತಿ ಹೊಸೆಯುತ್ತಿದ್ದ ಅಂಬುಜಾಕ್ಷಿಯ ಕೈ ನಿಂತಿತು. ಅವಳು ಏನೋ ಕೇಳಿದಳು. ತುಟಿ ಆಡಿತು, ದನಿ ಬರಲಿಲ್ಲ.

"ಸ್ವಲ್ಪ ಗಟ್ಟಿಯಾಗಿ ಹೇಳೇ."

ಅವಳು ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಹಾರ ಹಾಕಿದ ಗುರುಗಳ ಪಟವಿತ್ತು.

ಗುರುಗಳ ಮಾತನ್ನೂ ತೆಗೆಸಿದ್ದು ಶೇಷಗಿರಿಗೆ ಆಗ ಹೊಳೆಯಿತು. "ನಾನು ಮೆಚ್ಚಿದೀನಲ್ಲ, ನಾಳೆನೇ ಹೋಗಿ ಹೇಳ್ತೀನಿ," ಎಂದ.

ಅವಳು ದೇವರ ಮುಂದೆ ಕುಳಿತು ವಾಚಿಸತೊಡಗಿದಳು. ಅವನು ಅವಳ ತುಟಿಗಳನ್ನೇ ನೋಡುತ್ತ ಯಾವ ಪದ್ಯವೆಂದು ಹುಡುಕಿದ. ಒಂದೂ ನೆನಪಾಗಲಿಲ್ಲ. ಇಷ್ಟು ವರ್ಷ ಅವನೂ ಕೂತು ಕೇಳಿರಲಿಲ್ಲ.