ಆ್ಯಪ್ ಮೆಚ್ಚಿದ ಹೊಟ್ಟೆ

“ಈ ದಡ್ಡನ ಕೈಗೆ ನಮ್ಮ ಡಯಟ್ ಆ್ಯಪ್ ಕೊಟ್ಟೋರು ಯಾರ್ರೀ? ಪರೀಕ್ಷೆ ಮಾಡಪ್ಪಾ ಅಂದ್ರೆ ಒಂದು ದಿನಾನೂ ರಾತ್ರಿ ಊಟದ ಫೋಟೋ ಹಾಕಿಲ್ಲ!”

ಆ್ಯಪ್ ಕಂಪನಿಯ ಮೇಡಂ ಮೈಕಿನಲ್ಲೇ ಬೈದರು. ಸಭೆ ಗೊಳ್ಳೆಂದು ನಕ್ಕಿತು.

ಬೈಸಿಕೊಂಡ ಹುಡುಗ ಎದ್ದು ನಿಂತ. ಅವನ ಕಣ್ಣು ಬಾಗಿಲ ಬಳಿ ಜೋಡಿಸಿಟ್ಟ ಊಟದ ಪೊಟ್ಟಣಗಳ ಮೇಲಿತ್ತು. ಈ ಸಂಜೆ ಅವನು ಬಂದದ್ದೇ ಅದಕ್ಕೆ.

“ರಾತ್ರಿ ನಮ್ಮನೇಲಿ ಒಲೆ ಹಚ್ಚಲ್ಲ ಮೇಡಂ. ಇಲ್ದಿರೋ ಊಟದ ಫೋಟೋ ಹೆಂಗ್ ತೆಗೀಲಿ?”

ಮೇಡಂ ಲ್ಯಾಪ್‌ಟಾಪ್ ನೋಡಿದರು. ಮುಖ ಅರಳಿತು.

“ಅಯ್ಯೋ, ಸಾರಿ ಕಣಪ್ಪಾ! ದಿನಾ ರಾತ್ರಿ ಉಪವಾಸ ಅಂತ ಆ್ಯಪ್ ನಿಂಗೇ ಫಸ್ಟ್ ಪ್ರೈಜ್ ಕೊಟ್ಟಿದೆ. ಎಂಥ ಬಾಯಿಕಟ್ಟು! ಚಪ್ಪಾಳೆ ತಟ್ರಿ ಎಲ್ಲಾ!”

ಚಪ್ಪಾಳೆ ಮುಗಿದ ಮೇಲೆ ಎಲ್ಲರೂ ಊಟಕ್ಕೆ ಸಾಲು ನಿಂತರು. ಅವನು ಕೈ ಚಾಚಿದಾಗ ಮೇಡಂ ಓಡಿಬಂದು ಪೊಟ್ಟಣ ಹಿಂದಕ್ಕೆ ಎಳೆದುಕೊಂಡರು.

“ಇವ್ನಿಗೆ ಕೊಡ್ಬೇಡ್ರೀ, ಉಪವಾಸ ಕೆಡುತ್ತೆ. ಅಲ್ವೇನಪ್ಪಾ?”

ಅವನು ಖಾಲಿ ಕೈಯಲ್ಲೇ ಹೊರಟುಹೋದ.