ಇರುವೆಯ ವಿಚಾರಣೆ

'ಇರುವೆ'ಯನ್ನು ಮುಗಿಸಿಬಿಡುವುದೆಂದು ಬೆಳಿಗ್ಗೆ ಹತ್ತೂವರೆಗೆ ಸಭೆ ಸೇರಿತ್ತು.

ಮುಗಿಸಲು ಬಂದವನು ಚಾರ್ಜರ್ ಚುಚ್ಚಲು ಜಾಗ ಹುಡುಕುತ್ತಿದ್ದ. ಕೆಲಸಕ್ಕೆ ಸೇರಿದ ಎರಡೇ ತಿಂಗಳಿಗೆ 'ಮೀಸೆ' ಎಂದು ಹೆಸರು ಬಿದ್ದ ಹುಡುಗ. ಎದುರಿಗೆ ಇರುವೆಯ ಹೆತ್ತಮ್ಮ. ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಮೇಜಿನ ತಲೆಯಲ್ಲಿ ಮ್ಯಾನೇಜರ್. ಗೋಡೆಯ ಪಕ್ಕದ ಕುರ್ಚಿಯಲ್ಲಿ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಬಸ್ ಡಿಪೋದಲ್ಲಿ ಚಾಲಕರಿಗೆ ಪಾಳಿ ಹಂಚುವ ಪಾಳಿಯಮ್ಮ.

ಇರುವೆ ಅಂದರೆ ಒಂದು ಲೈಬ್ರರಿ. ಬೇರೆ ಪ್ರೋಗ್ರಾಮುಗಳು ಬೇಕೆಂದಾಗ ಕರೆದು ಕೆಲಸ ಮಾಡಿಸಿಕೊಳ್ಳಲಿ ಎಂದು ಬರೆದಿಟ್ಟ ಸಾವಿರದ ಇನ್ನೂರು ಸಾಲು ಕೋಡ್. ಡಿಪೋದ ಇನ್ನೂರ ಹತ್ತು ಚಾಲಕರಲ್ಲಿ ನಾಳೆ ಯಾರು ಯಾವ ಬಸ್ಸು ಓಡಿಸಬೇಕು ಎಂಬ ಪಾಳಿಪಟ್ಟಿ ಮಾಡುವುದು ಅದರ ಕೆಲಸ. ರಾತ್ರಿ ಓಡಿಸಿದವನಿಗೆ ಬೆಳಗಿನ ಪಾಳಿ ಬೀಳಬಾರದು, ಒಬ್ಬನೇ ಎರಡು ಬಸ್ಸಿನಲ್ಲಿ ಇರಬಾರದು, ಅಷ್ಟೆ. ಆ 'ಅಷ್ಟೆ'ಗಾಗಿ ಅಕ್ಕ ಒಂದು ವರ್ಷ ಊಟ ನಿದ್ದೆ ಬಿಟ್ಟಿದ್ದಳು. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಜೀವ ಇರುವಂತೆ ಅವಳ ಜೀವ ಆ ಸಾಲುಗಳಲ್ಲಿತ್ತು. "ಇರುವೆ ಹೋದ್ರೆ ನಿಮಗೆ ಕೊಡೋಕೆ ಇಲ್ಲಿ ಬೇರೆ ಕೆಲಸ ಇಲ್ಲಮ್ಮ" ಎಂದು ಮ್ಯಾನೇಜರ್ ಹಿಂದಿನ ದಿನವೇ ಹೇಳಿದ್ದರು. ಬಹಳ ಮೃದುವಾಗಿ ಹೇಳಿದ್ದರು. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತ್ತು.

"ಅಕ್ಕ, ಬೇಜಾರು ಮಾಡ್ಕೋಬೇಡಿ," ಮೀಸೆ ಶುರು ಮಾಡಿದ. "ನಾನು ಹೇಳ್ತಿರೋ ಲೈಬ್ರರೀನ ಸಾವಿರಾರು ಜನ ಬಳಸ್ತಾರೆ. ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತೆ."

"ಅಂದ್ರೆ ತಿಂಗಳಿಗೊಂದ್ಸಲ ಕೆಡುತ್ತೆ."

"ನಿಮ್ಮದಕ್ಕೆ ಡಾಕ್ಯುಮೆಂಟೇಶನ್ನೇ ಇಲ್ಲ."

"ಟೈಪ್‌ಗಳನ್ನ ಓದು. ಎಲ್ಲಾ ಅದರಲ್ಲೇ ಇದೆ."

"ಟೆಸ್ಟ್?"

"ಕೋಡಿನ ತಪ್ಪು ಹಿಡಿಯೋ ಕಂಪೈಲರೇ ಒಪ್ಪಿದೆ. ಅದರ ಮೇಲೆ ನಿನ್ನ ಒಪ್ಪಿಗೆ ಬೇರೆ ಬೇಕೇನೋ?"

ಫಂಕ್ಷನಲ್ ಪ್ರೋಗ್ರಾಮಿಂಗ್ ಮಂದಿಯ ಜಗಳವೇ ಹೀಗೆ. ದನಿ ಏರುವುದಿಲ್ಲ, ಮಾತು ಮಾತ್ರ ಇರಿಯುತ್ತದೆ. ಅವರು ಬಳಸುತ್ತಿದ್ದ ಭಾಷೆಯದೂ ಒಂದು ವಿಚಿತ್ರ ಸ್ವಭಾವ. ಉತ್ತರ ಬೇಕೆಂದು ಯಾರಾದರೂ ಕೇಳುವ ತನಕ ಒಂದು ಕಡ್ಡಿಯನ್ನೂ ಎತ್ತಿ ಆಚೆ ಇಡುವುದಿಲ್ಲ. ಬೇಡದ ಲೆಕ್ಕ ಮಾಡಿ ದಣಿಯುವುದೇಕೆ ಎಂಬ ಜಾಣತನ. "ನಮ್ಮನೆಯವರ ಥರ," ಎಂದು ಅಕ್ಕ ಹೊಸಬರಿಗೆ ಬಿಡಿಸಿ ಹೇಳುವುದಿತ್ತು. "ಹಾಲು ತನ್ನಿ ಅನ್ನೋವರೆಗೂ ಕೂತಲ್ಲಿಂದ ಏಳಲ್ಲ. ಅಂದ್ರೆ ಮಾತ್ರ, ತಂದೇ ತರ್ತಾರೆ."

"ಮಾತು ಸಾಕು, ಎರಡನ್ನೂ ಓಡಿಸಿ ನೋಡಿ," ಎಂದರು ಮ್ಯಾನೇಜರ್.

ಎರಡಕ್ಕೂ ಒಂದೇ ಪರೀಕ್ಷೆ. ಒಂದಿಡೀ ವರ್ಷದ ರಜೆ, ಕಾಯಿಲೆ, ಕೆಟ್ಟು ನಿಂತ ಬಸ್ಸು, ಎಲ್ಲ ವಿವರ ತುಂಬಿಸಿದರು. ಮೀಸೆಯ ಲೈಬ್ರರಿ ಲ್ಯಾಪ್‌ಟಾಪಿನ ಫ್ಯಾನನ್ನು ಗುಂಯ್‌ಗುಟ್ಟಿಸಿ, ಪುಟಗಟ್ಟಲೆ ಪಟ್ಟಿ ಕಾರಿ, ಹನ್ನೊಂದು ಸೆಕೆಂಡಿಗೆ ಮುಗಿಸಿತು. ಇರುವೆ ಹಸಿರು ಗುರುತು ತೋರಿಸಿ 'ಸಿದ್ಧ' ಎಂದಿತು. ಗಡಿಯಾರ ಸೊನ್ನೆಯಿಂದ ಅಲುಗಿರಲಿಲ್ಲ.

"ಸೊನ್ನೆ?" ಮೀಸೆ ಕಣ್ಣುಜ್ಜಿಕೊಂಡ. ಇನ್ನೊಮ್ಮೆ ಓಡಿಸಿದ. ಸೊನ್ನೆ. ಹತ್ತು ವರ್ಷದ ವಿವರ ತುಂಬಿ ಓಡಿಸಿದ. ಸೊನ್ನೆ.

"ಮೆಮೊರಿ ಎಷ್ಟು ತಿಂದಿತಪ್ಪ?" ಮ್ಯಾನೇಜರ್ ಬಗ್ಗಿ ನೋಡಿದರು.

"ಉಪವಾಸ ಸರ್," ಎಂದ ಮೀಸೆ.

ಅಕ್ಕನಿಗೆ ಎದ್ದು ಕುಣಿಯಬೇಕೆನಿಸಿತು. ಕುಣಿಯಲಿಲ್ಲ. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು.

ಕೊನೆಗೆ ಮ್ಯಾನೇಜರ್ ಗೋಡೆಯ ಕಡೆ ತಿರುಗಿದರು. "ಅಮ್ಮ, ಬಳಸೋರು ನೀವು. ಆರು ವರ್ಷದಲ್ಲಿ ಪಟ್ಟಿ ಯಾವತ್ತಾದ್ರೂ ತಪ್ಪಿದೆಯಾ?"

ಪಾಳಿಯಮ್ಮ ಕನ್ನಡಕ ಸರಿಮಾಡಿಕೊಂಡರು. "ಒಂದೇ ಒಂದು ದಿನವೂ ತಪ್ಪಿಲ್ಲ. ರಾತ್ರಿ ಓಡಿಸಿದವನನ್ನ ಬೆಳಿಗ್ಗೆ ಎಬ್ಬಿಸಿಲ್ಲ. ಬೇಕಾದ್ರೆ ಚಾಲಕರನ್ನೇ ಕೇಳಿ."

"ಇರುವೆಯಿಂದ ಏನಾದ್ರೂ ಕಿರಿಕಿರಿ?"

"ಅಯ್ಯೋ, ಅದು ಪಾಪ ತನ್ನ ಪಾಡಿಗೆ ತಾನಿರುತ್ತೆ. ನನ್ನ ತಂಟೆಗೆ ಬಂದದ್ದೇ ಇಲ್ಲ."

ಮೀಸೆ ಲ್ಯಾಪ್‌ಟಾಪ್ ಮುಚ್ಚಿದ. "ಸೋತೆ ಅಕ್ಕ. ಆ ಕೋಡ್ ಓದೋಕೆ ಕೊಡಿ, ಕಲಿತ್ಕೋತೀನಿ."

"ಸೋಮವಾರದಿಂದ ಇನ್ನೂ ಹನ್ನೆರಡು ಡಿಪೋಗೆ ಇರುವೇನೇ," ಎಂದು ಮ್ಯಾನೇಜರ್ ಎದ್ದು ನಿಂತರು. "ನೋಡ್ಕೊಳ್ಳೋದು ನಿಮ್ಮ ಜವಾಬ್ದಾರಿ ಅಕ್ಕ." ಅವರ ಬಾಯಲ್ಲಿ ಅಕ್ಕ ಎಂಬ ಪದ ಬಂದದ್ದು ಅದೇ ಮೊದಲು.

ಲಿಫ್ಟಿನವರೆಗೂ ಪಾಳಿಯಮ್ಮನ ಕೈ ಹಿಡಿದುಕೊಂಡೇ ಹೋದಳು ಅಕ್ಕ. ನೆಲ ಕಾಲಿಗೆ ತಾಗುತ್ತಿರಲಿಲ್ಲ. "ನೀವು ಇವತ್ತು ನನ್ನ ಜೀವ ಉಳಿಸಿದ್ರಿ ಅಮ್ಮ."

"ಇದ್ದದ್ದು ಹೇಳಿದೆ, ಅದರಲ್ಲೇನಿದೆ ಮಗಳೇ. ಈ ಶುಕ್ರವಾರಕ್ಕೆ ನನಗೆ ನಿವೃತ್ತಿ. ಹೊಸ ಹುಡುಗಿ ಬರ್ತಾಳಂತೆ, ಅವಳದೇ ಚಿಂತೆ."

"ಚಿಂತೆ ಯಾಕಮ್ಮ? ಇರುವೆ ಇದೆಯಲ್ಲ."

ಲಿಫ್ಟಿನ ಬಾಗಿಲು ತೆರೆಯಿತು. ಪಾಳಿಯಮ್ಮ ಒಳಗೆ ಕಾಲಿಟ್ಟವರು ಏನೋ ನೆನಪಾಗಿ ತಿರುಗಿದರು.

"ಅದನ್ನೇ ಕೇಳೋಣ ಅಂತಿದ್ದೆ ತಾಯಿ: ದಿನಾ ಸಂಜೆ ರಜೆಯವರ ಹೆಸರು ತುಂಬಿಸ್ತೀನಿ, ಅದು 'ಸಿದ್ಧ' ಅನ್ನುತ್ತೆ, ಸರಿ ಅಂತ ಮುಚ್ಚಿಟ್ಟು ನಾನೇ ಕೂತು ಕೈಯಲ್ಲಿ ಪಟ್ಟಿ ಬರೀತೀನಿ, ಆರು ವರ್ಷದಿಂದ, ಅದರ ಹತ್ರ ಪಟ್ಟಿ ಕೇಳೋದು ಹೇಗೆ?"